ಧೂಳಿನ ನಡುವೆ ಹಳೆಯ ಗಣಕಯಂತ್ರದ ಆರೈಕೆ

ತೊಗರಿಯ ಕಣಜವೆಂದು ಹೆಸರಾದ ಕಲಬುರಗಿಯಲ್ಲಿ ಇಂದು ತೂಕದ ಚೀಟಿಯಿಂದ ಹಿಡಿದು ಹಣ ಪಾವತಿಯವರೆಗೆ ಬಹುಪಾಲು ಲೆಕ್ಕ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ನೆಹರು ಗಂಜಿನ ಅಡತಿ ಅಂಗಡಿ, ಕಪನೂರು ಕೈಗಾರಿಕಾ ಪ್ರದೇಶದ ಬೇಳೆ ಗಿರಣಿ, ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ಸುತ್ತಣ ಸಹಕಾರ ಸಂಘ, ಎಲ್ಲಿಗೆ ಹೋದರೂ ಮೇಜಿನ ಮೇಲೆ ಈ ಯಂತ್ರ ಕಾಣುತ್ತದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ಸುಗ್ಗಿಯ ನಡುವೆ ಈ ಯಂತ್ರ ನಿಂತರೆ ತೂಕ ನಿಲ್ಲುತ್ತದೆ, ಗಾಡಿಗಳು ಸಾಲುಗಟ್ಟುತ್ತವೆ, ರೈತನ ಹಣ ತಡವಾಗುತ್ತದೆ. "ಹಳೆಯದಾಯಿತು, ಕೆಟ್ಟಿತು" ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಎಷ್ಟೋ ಬಾರಿ ದೋಷ ವಯಸ್ಸಿನದಲ್ಲ, ಧೂಳಿನದು. ಸಂಘದ ನಿರ್ದೇಶಕರಾಗಿರುವ ಅಥವಾ ಮಿನಿ ದಾಲ್ ಮಿಲ್ ನಡೆಸುವ ರೈತ ಬಾಂಧವರು ಇದರ ಆರೈಕೆಯನ್ನು ತಿಳಿದಿರುವುದು ಲೇಸು.

ಧೂಳಿನಿಂದ ಆಗುವ ಹಾನಿ

ಕಂಪ್ಯೂಟರಿನ ಮುಖ್ಯ ಚಿಪ್ಪು ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲಿರುವ ಲೋಹದ ಹಲ್ಲೆಗಳು ಮತ್ತು ಚಿಕ್ಕ ಫ್ಯಾನು ಆ ಬಿಸಿಯನ್ನು ಹೊರಹಾಕುತ್ತವೆ. ಹಲ್ಲೆಗಳ ಸಂದಿನಲ್ಲಿ ಧೂಳು ತುಂಬಿದರೆ ಗಾಳಿ ಆಡದು. ಆಗ ಯಂತ್ರ ಮೊದಲು ನಿಧಾನವಾಗುತ್ತದೆ, ಬಿಸಿ ಇನ್ನೂ ಏರಿದರೆ ತಾನಾಗಿಯೇ ಆರಿಹೋಗುತ್ತದೆ.

ಗಿರಣಿಯ ಧೂಳಿಗೆ ಇನ್ನೊಂದು ಗುಣವಿದೆ. ತೊಗರಿಯ ಸಿಪ್ಪೆ ಸಡಿಲಾಗಲೆಂದು ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ ಒಣಗಿಸುತ್ತಾರೆ. ಹೀಗಾಗಿ ಹೊಟ್ಟಿನ ಪುಡಿ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಸಂಘದ ಗೋದಾಮಿನಲ್ಲಿ ರಸ್ತೆಯ ಮಣ್ಣಿನ ಜೊತೆಗೆ ಗೋಣಿಚೀಲದ ನಾರು ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಭಾಗದ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ತೊಂದರೆ ಹೆಚ್ಚು. ಮಳೆಗಾಲದಲ್ಲಿ ಇದೇ ಧೂಳು ತೇವ ಹೀರಿ ವಿದ್ಯುತ್ ಸೋರಿಕೆಗೆ ದಾರಿಯಾಗಬಹುದು.

ಫ್ಯಾನಿನ ಸದ್ದು ಹೆಚ್ಚಾಗುವುದು, ಮಧ್ಯಾಹ್ನದ ಹೊತ್ತಿಗೆ ಯಂತ್ರ ಆರುವುದು, ಡಬ್ಬಿಯ ಹಿಂಬದಿ ಕೈಗೆ ಸುಡುವಷ್ಟು ಬಿಸಿಯಾಗುವುದು ಇದರ ಲಕ್ಷಣಗಳು.

ಶುಚಿಗೊಳಿಸುವ ಕ್ರಮ

1. ಮೊದಲು ಲೆಕ್ಕದ ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸಿ, ಅದನ್ನು ಬೇರೆ ಸ್ಥಳದಲ್ಲಿ ಭದ್ರವಾಗಿಡಿ. ಯಂತ್ರ ಮತ್ತೆ ಸಿಕ್ಕೀತು, ಕಳೆದ ಲೆಕ್ಕ ಸಿಗದು.

2. ಯಂತ್ರವನ್ನು ಆರಿಸಿ ಎಲ್ಲ ವೈರುಗಳನ್ನೂ ಕೀಳಿರಿ. ಡಬ್ಬಿಯನ್ನು ಗಿರಣಿಯಿಂದ ದೂರ, ಬಯಲು ಜಾಗಕ್ಕೆ ಒಯ್ಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

3. ಪಕ್ಕದ ಮುಚ್ಚಳ ತೆಗೆದು, ಒಳಗೆ ಕೈಯಿಡುವ ಮುನ್ನ ಡಬ್ಬಿಯ ಬರಿ ಲೋಹವನ್ನು ಮುಟ್ಟಿರಿ. ನಮ್ಮ ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಲ್ಲದು.

4. ಜಿಡ್ಡಿನ ಧೂಳನ್ನು ಒಣಗಿದ ಮೃದು ಕುಂಚದಿಂದ ಸಡಿಲಿಸಿ, ಬಳಿಕ ಬ್ಲೋವರಿನಿಂದ ಊದಿರಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಫ್ಯಾನು ಕೆಡುತ್ತದೆ.

5. ಯಂತ್ರ ಚಾಲೂ ಆಗದಿದ್ದಲ್ಲಿ ಮೆಮರಿ ಪಟ್ಟಿಯನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂಡಿಸಿರಿ.

6. ಪ್ರತಿದಿನ ದಿನಾಂಕ ತಪ್ಪು ತೋರಿಸುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು. ಸಾಮಾನ್ಯವಾಗಿ ಇದು 3 ವೋಲ್ಟಿನ ಸಿಆರ್ 2032. ಬದಲಿಸಿ ದಿನಾಂಕ ಸರಿಪಡಿಸಿರಿ. ತಪ್ಪು ದಿನಾಂಕದ ತೂಕದ ಚೀಟಿ ರೈತನಿಗೆ ಮುಂದೆ ತಕರಾರು ತಂದೀತು.

ಮಾಡಬಾರದ ಕೆಲಸಗಳು

ಒದ್ದೆ ಬಟ್ಟೆ ಒಳಗೆ ತಾಗಿಸಬಾರದು. ಟ್ರ್ಯಾಕ್ಟರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಬಳಸಬಾರದು. ಅದರ ಗಾಳಿಯಲ್ಲಿ ನೀರು, ಎಣ್ಣೆಯ ಹನಿಗಳಿರುತ್ತವೆ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಬಿಚ್ಚಲೇಬಾರದು. ವೈರು ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಚಿಪ್ಪಿನ ಮೇಲಿನ ಹಲ್ಲೆಯನ್ನು ಕಿತ್ತರೆ ಹೊಸ ಲೇಪ ಹಚ್ಚಬೇಕಾಗುತ್ತದೆ. ಇದನ್ನು ಬಲ್ಲವರಿಗೇ ಬಿಡಿ. ಓಡುತ್ತಿರುವ ಯಂತ್ರಕ್ಕೆ ಬಟ್ಟೆ ಹೊದಿಸಬಾರದು. ಹೊದಿಕೆ ಆರಿಸಿದ ಮೇಲಷ್ಟೇ.

ಇಡುವ ಜಾಗ

ಯಂತ್ರವನ್ನು ನೆಲದ ಮೇಲಿಡದೆ ಮೇಜಿನ ಮೇಲೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಇಡಬೇಕು. ಗಿರಣಿ ಓಡುವ ಕೋಣೆಯಲ್ಲಿ ಇಡುವುದು ತರವಲ್ಲ. ಗಾಳಿಯಲ್ಲಿ ದಟ್ಟವಾಗಿ ತೇಲುವ ಕಾಳಿನ ಧೂಳಿಗೆ ಕಿಡಿ ತಗುಲಿದರೆ ಸ್ಫೋಟವಾಗಬಹುದು. ಗಿರಣಿಯ ಅದುರಾಟವೂ ಹಾರ್ಡ್ ಡಿಸ್ಕಿಗೆ ಒಳ್ಳೆಯದಲ್ಲ. ಪ್ರತ್ಯೇಕ ಕೋಣೆ, ಮುಚ್ಚುವ ಬಾಗಿಲು, ಸರಿಯಾದ ಅರ್ಥಿಂಗ್ ಇರಲಿ.

ಯಾವಾಗ ಮಾಡಬೇಕು?

ತೊಗರಿ ಬರುವ ಮುನ್ನ ಡಿಸೆಂಬರಿನಲ್ಲಿ ಒಮ್ಮೆ, ಬಿಸಿಲೇರುವ ಮುನ್ನ ಮಾರ್ಚಿನಲ್ಲಿ ಒಮ್ಮೆ, ಮಳೆಗೆ ಮುನ್ನ ಮೇ ಕೊನೆಯಲ್ಲಿ ಒಮ್ಮೆ ಒಳಭಾಗ ಶುಚಿಗೊಳಿಸಿರಿ. ಗಿರಣಿಗಳಲ್ಲಿ ಸುಗ್ಗಿಯ ಕಾಲಕ್ಕೆ ತಿಂಗಳಿಗೊಮ್ಮೆ ಬೇಕಾಗಬಹುದು. ಲೆಕ್ಕದ ಪ್ರತಿಯನ್ನಂತೂ ಪ್ರತಿದಿನ ಸಂಜೆ ತೆಗೆಯತಕ್ಕದ್ದು.

ಬಿತ್ತನೆಗೆ ಮುನ್ನ ಕೂರಿಗೆಯನ್ನು ಒರೆಸಿ ಅಣಿಗೊಳಿಸುವ ರೈತನಿಗೆ ಈ ಶಿಸ್ತು ಹೊಸದೇನಲ್ಲ. ಒಂದು ಕುಂಚ ಮತ್ತು ಅರ್ಧ ತಾಸಿನ ದುಡಿಮೆಯಿಂದ ಹಳೆಯ ಯಂತ್ರ ಇನ್ನೂ ಹಲವು ಸುಗ್ಗಿ ಕಂಡೀತು. ಮುಂದಿನ ಸಭೆಯಲ್ಲಿ ಈ ಕೆಲಸವನ್ನು ಸಂಘದ ಒಬ್ಬರಿಗೆ ವಹಿಸಿ, ಶುಚಿ ಮಾಡಿದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆದಿಡಿ.