ಕಬ್ಬಿಣದ ಪದಕಕ್ಕೆ ಹೆಸರೇ ಇಲ್ಲ!

ಸ್ಟ್ಯಾಂಪ್ ಕೂಡಿಡುವವರು ಗೊತ್ತು, ಹಳೇ ನಾಣ್ಯ ಕೂಡಿಡುವವರೂ ಗೊತ್ತು. ಆದರೆ ಯಾವುದೋ ಕಾಲದಲ್ಲಿ ಯಾವುದೋ ರಾಜ ಯಾರಿಗೋ ಕೊಟ್ಟ ಪದಕವನ್ನು ದುಡ್ಡು ಕೊಟ್ಟು ತಂದು ಜೋಪಾನ ಮಾಡುವವರೂ ಇದ್ದಾರೆ. ಈ ಹವ್ಯಾಸಕ್ಕೆ ಫ್ಯಾಲರಿಸ್ಟಿಕ್ಸ್ ಅಂತ ಹೆಸರು. ರೋಮನ್ ಸೈನಿಕರು ಎದೆಯ ಮೇಲೆ ತೊಡುತ್ತಿದ್ದ ‘ಫಲೆರೆ’ ಎಂಬ ಬಿಲ್ಲೆಗಳಿಂದ ಬಂದ ಪದ ಅದು.

ಯುರೋಪಿನ ಹಳೇ ಪದಕಗಳಲ್ಲಿ ಚಿನ್ನ, ವಜ್ರ, ಬಣ್ಣಬಣ್ಣದ ಎನಾಮೆಲ್ ಇರುವಂಥವು ಬೇಕಾದಷ್ಟಿವೆ. ಮೆಕ್ಯಾನಿಕಲ್ ಓದುತ್ತಿರುವ ನನ್ನ ಮನಸ್ಸಿಗೆ ಹಿಡಿಸಿದ್ದು ಮಾತ್ರ ತೀರಾ ಅಗ್ಗದ ಲೋಹದ್ದು. ಅದೇ ಪ್ರಷ್ಯಾದ ಐರನ್ ಕ್ರಾಸ್!

1813ರಲ್ಲಿ ನೆಪೋಲಿಯನ್ ವಿರುದ್ಧ ಯುದ್ಧಕ್ಕೆ ಹೊರಟಾಗ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಇದನ್ನು ಶುರು ಮಾಡಿದ. ವಿನ್ಯಾಸ ವಾಸ್ತುಶಿಲ್ಪಿ ಶಿಂಕೆಲ್‌ದು. ನಡುವೆ ಕಪ್ಪು ಕಬ್ಬಿಣ, ಸುತ್ತ ಬೆಳ್ಳಿಯ ತೆಳು ಅಂಚು, ಅಷ್ಟೇ. ಅದೇ ಹೊತ್ತಿಗೆ ಹೆಂಗಸರು ಮೈಮೇಲಿನ ಚಿನ್ನವನ್ನು ಯುದ್ಧಕ್ಕೆ ಕೊಟ್ಟು ಕಬ್ಬಿಣದ ಉಂಗುರ ತೊಟ್ಟರು. ಕಬ್ಬಿಣ ತೊಡುವುದೇ ಹೆಮ್ಮೆಯಾಯಿತು. ಅಧಿಕಾರಿಗೊಂದು, ಸಿಪಾಯಿಗೊಂದು ಪದಕ ಇದ್ದ ಕಾಲದಲ್ಲಿ ಇದು ಇಬ್ಬರಿಗೂ ಒಂದೇ ಆಗಿತ್ತು.

ಆಮೇಲೆ 1870, 1914, 1939ರ ಯುದ್ಧಗಳಲ್ಲೂ ಇದನ್ನು ಮತ್ತೆ ಜಾರಿಗೆ ತಂದರು. ಮೊದಲ ಮಹಾಯುದ್ಧದಲ್ಲಂತೂ ಲಕ್ಷಗಟ್ಟಲೆ ಹಂಚಿದರು. ಹಾಗಾಗಿ ಸಂಗ್ರಹಕಾರರಿಗೆ ಇದು ಸುಲಭವಾಗಿ ಸಿಗುತ್ತದೆ. ನಕಲಿಗಳೂ ಅಷ್ಟೇ ಸುಲಭವಾಗಿ ಸಿಗುತ್ತವೆ! ಅದಕ್ಕೇ ಮೊದಲು ಮ್ಯಾಗ್ನೆಟ್ ಹಿಡಿದು ನೋಡುತ್ತಾರೆ. ಅಸಲಿಯಲ್ಲಿ ಸಾಮಾನ್ಯವಾಗಿ ಮೂರು ಭಾಗ: ಕಬ್ಬಿಣದ ತಿರುಳು, ಅದನ್ನು ಎರಡೂ ಕಡೆಯಿಂದ ಹಿಡಿದ ಬೆಳ್ಳಿಯ ಚೌಕಟ್ಟು. ಭೂತಗನ್ನಡಿಯಲ್ಲಿ ಅಂಚು ನೋಡಿದರೆ ಬೆಸುಗೆಯ ಗೆರೆ ಕಾಣುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಆ ಗೆರೆ ಎಲ್ಲಿಂದ ಬರಬೇಕು?

ಪದಕ ಅಸಲಿ ಅಂತ ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇದು ಯಾರದು? ಬ್ರಿಟಿಷರು ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ನಂಬರ್ ಕೆತ್ತಿಸಿದರು. ಐರನ್ ಕ್ರಾಸ್‌ನಲ್ಲಿ ಸಾಮಾನ್ಯವಾಗಿ ಹೆಸರೇ ಇರಲ್ಲ. ಹೆಸರಿದ್ದದ್ದು ಜೊತೆಗೆ ಕೊಟ್ಟ ಪ್ರಮಾಣಪತ್ರದಲ್ಲಿ. ಪದಕ ಒಬ್ಬರಿಗೆ, ಕಾಗದ ಇನ್ನೊಬ್ಬರಿಗೆ ಮಾರಾಟವಾದರೆ ಮನುಷ್ಯನೇ ಕಳೆದುಹೋದ ಹಾಗೆ.

ಹೆಸರು ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ರಿಚರ್ಡ್ ಸ್ಟರ್ನ್ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದ ಯಹೂದಿ ಆತ. ಕಲೋನ್ ನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದ. 1933ರ ಏಪ್ರಿಲ್ 1ರಂದು ಯಹೂದಿಗಳ ಅಂಗಡಿಗಳನ್ನು ಬಹಿಷ್ಕರಿಸಿ ಎಂದು ನಾಜಿಗಳು ಕಾವಲು ನಿಂತರು. ಸ್ಟರ್ನ್ ತನ್ನ ಐರನ್ ಕ್ರಾಸ್ ಧರಿಸಿ ಬಂದು, ಆ ಕಾವಲಿನವನ ಪಕ್ಕದಲ್ಲೇ ನಿಂತ! ಆ ಫೋಟೊ ಇವತ್ತಿಗೂ ಇದೆ. ಮುಂದೆ ಅಮೆರಿಕಕ್ಕೆ ಹೋದ ಸ್ಟರ್ನ್, ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸೇನೆ ಸೇರಿ ಶೌರ್ಯಕ್ಕಾಗಿ ಸಿಲ್ವರ್ ಸ್ಟಾರ್ ಪದಕವನ್ನೂ ಪಡೆದ.

ಆ ಯುದ್ಧದಲ್ಲಿ ಜರ್ಮನಿಯ ಪರ ಸುಮಾರು 1 ಲಕ್ಷ ಯಹೂದಿಗಳು ಇದ್ದರು. ಸುಮಾರು 12 ಸಾವಿರ ಮಂದಿ ಸತ್ತರು. ಬದುಕಿ ಬಂದು ಪದಕ ಪಡೆದ ಎಷ್ಟೋ ಜನರನ್ನು ಅದೇ ದೇಶ ಮುಂದೆ ಕ್ಯಾಂಪುಗಳಿಗೆ ಅಟ್ಟಿತು. ಹರಾಜಿನಲ್ಲಿ ಸಿಗುವ ಹೆಸರಿಲ್ಲದ ಕ್ರಾಸ್ ಅವರಲ್ಲೊಬ್ಬರದೂ ಆಗಿರಬಹುದು, ಅವರನ್ನು ಅಟ್ಟಿದವನದೂ ಆಗಿರಬಹುದು. ಮ್ಯಾಗ್ನೆಟ್‌ಗೆ ಎರಡೂ ಒಂದೇ.

ಅದಕ್ಕೇ ಒಳ್ಳೆಯ ಸಂಗ್ರಹಕಾರರು ಪದಕದ ಜೊತೆ ಕಾಗದ, ಫೋಟೊ, ಪತ್ರ ಎಲ್ಲವನ್ನೂ ಒಟ್ಟಿಗೇ ಇಡುತ್ತಾರೆ. ಬಿಡಿಬಿಡಿಯಾಗಿ ಮಾರಲ್ಲ. ಇದು ನಮಗೂ ಅನ್ವಯಿಸುತ್ತದೆ. ಆ ಯುದ್ಧಕ್ಕೆ ಭಾರತದಿಂದಲೂ ಲಕ್ಷಾಂತರ ಸೈನಿಕರು ಹೋಗಿದ್ದರಲ್ಲ? ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಮುತ್ತಜ್ಜನ ಪದಕ ಇದ್ದರೆ ಒಮ್ಮೆ ಅಂಚು ತಿರುಗಿಸಿ ಓದಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅದು ಯಾರದು, ಎಲ್ಲಿ ಸಿಕ್ಕಿದ್ದು ಅಂತ ಅಜ್ಜಿಯನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿ.