ಅಗ್ಗದ ಸಣ್ಣ ಕೊಡಲಿ ಬಾಳಬೇಕೇ? ಕಾವು ನೋಡಿ, ಬಾಯಿ ನೋಡಿ

ಮರ ಕೊಯ್ಯಲು ಪೆಟ್ರೋಲ್ ಗರಗಸ ಬಂತು, ಕಳೆ ಸವರಲು ಯಂತ್ರ ಬಂತು. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಸಣ್ಣ ಕೊಡಲಿಗೆ ರಜೆ ಸಿಕ್ಕಿಲ್ಲ. ಬೇಲಿಗೂಟದ ತುದಿ ಚೂಪು ಮಾಡಬೇಕು, ಬಿದ್ದ ಅಡಿಕೆ ಮರ ತುಂಡರಿಸಿ ದಬ್ಬೆ ಸೀಳಬೇಕು, ಗಾಳಿಗೆ ದಾರಿಗಡ್ಡ ಬಿದ್ದ ಗೆಲ್ಲು ತೆಗೆಯಬೇಕು, ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಕಟ್ಟಿಗೆ ಒಡೆಯಬೇಕು. ಇಷ್ಟಕ್ಕೆಲ್ಲ ಯಂತ್ರ ಹೊತ್ತು ತಿರುಗಲು ಆಗುತ್ತದೆಯೇ?

ಆದರೆ ಹೆಚ್ಚಿನ ಮನೆಗಳ ಕೊಟ್ಟಿಗೆ ಮೂಲೆ ನೋಡಿ. ಮೂರು ನಾಲ್ಕು ಕೊಡಲಿ ಇರುತ್ತವೆ. ಒಂದರ ಕಾವು ಮುರಿದಿದೆ, ಇನ್ನೊಂದರ ಬಾಯಿ ಮಡಚಿದೆ, ಮತ್ತೊಂದು ಅಲ್ಲಾಡುತ್ತದೆ. ಸಂತೆಗೆ ಹೋದಾಗ ಇನ್ನೊಂದು ಹೊಸದು ಬರುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದು ಸಣ್ಣ ನಷ್ಟ. ಅಲ್ಲಾಡುವ ಕೊಡಲಿ ಬೀಸುವಾಗ ಕಳಚಿ ಹಾರಿ ಪಕ್ಕದಲ್ಲಿದ್ದವರ ತಲೆಗೆ ಬಡಿದರೆ? ಆ ನಷ್ಟಕ್ಕೆ ಲೆಕ್ಕ ಇಲ್ಲ. ಕಡಿಮೆ ಬೆಲೆಯ ಕೊಡಲಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದರ ಕಾವು ಮತ್ತು ಬಾಯಿಯ ಮೇಲೆ ವರ್ಷಕ್ಕೆ ಅರ್ಧ ದಿನ ಖರ್ಚು ಮಾಡಿದರೆ ಅದೇ ಹತ್ತಾರು ವರ್ಷ ಬರುತ್ತದೆ.

ಎಷ್ಟು ಭಾರ, ಎಷ್ಟು ಉದ್ದ?

ತೋಟದ ಸಣ್ಣ ಕೆಲಸಕ್ಕೆ ಮುಕ್ಕಾಲು ಕೆ.ಜಿ.ಯಿಂದ ಒಂದು ಕೆ.ಜಿ. ತೂಕದ ಕೊಡಲಿ ಸಾಕು. ಕಾವು ಒಂದು ಮೊಳ, ಅಂದರೆ ಸುಮಾರು ಒಂದೂವರೆ ಅಡಿ. ಒಂದೇ ಕೈಯಲ್ಲಿ ಆಡಿಸಲು, ಬೇಕೆಂದಾಗ ಎರಡೂ ಕೈ ಹಾಕಲು ಈ ಅಳತೆ ಸರಿ. ದಪ್ಪ ಕೊರಡು ಸೀಳಲು ಇದನ್ನೇ ಬಳಸಬೇಡಿ. ಅದಕ್ಕೆ ಎರಡೂವರೆ ಅಡಿ ಕಾವಿನ ದೊಡ್ಡ ಕೊಡಲಿ ಮತ್ತು ಬೆಣೆ ಬೇಕು. ಸಣ್ಣ ಕೊಡಲಿಯ ಕಾವು ಮುರಿಯುವುದಕ್ಕೆ ದೊಡ್ಡ ಕೊಡಲಿಯ ಕೆಲಸ ಮಾಡಿಸಿದ್ದೇ ಅನೇಕ ಸಲ ಕಾರಣ.

ಅಂಗಡಿಯದ್ದೋ, ಕುಲುಮೆಯದ್ದೋ?

ಎರಡೂ ಆಗಬಹುದು. ಅಂಗಡಿಯದ್ದು ಬಣ್ಣ ಬಳಿದು ಚೆಂದ ಕಾಣುತ್ತದೆ. ಆದರೆ ಬಣ್ಣದ ಅಡಿಯಲ್ಲಿ ಬಿರುಕು ಇದ್ದರೂ ತಿಳಿಯುವುದಿಲ್ಲ. ಕುಲುಮೆಯದ್ದು ಒರಟಾಗಿದ್ದರೂ ನಮಗೆ ಬೇಕಾದ ತೂಕ, ಬೇಕಾದ ಬಾಯಿ ಹೇಳಿ ಮಾಡಿಸಬಹುದು. ಸವೆದಾಗ ಅದೇ ಆಚಾರಿಯ ಬಳಿ ಒಯ್ದು ತಟ್ಟಿಸಬಹುದು.

ಕುಲುಮೆಯಲ್ಲಿ ಮಾಡಿಸುವವರು ಒಂದು ಮಾತು ಕೇಳಿಕೊಳ್ಳಿ: ಬಾಯಿಗೆ ಯಾವ ಕಬ್ಬಿಣ? ಮನೆ ಕಟ್ಟುವ, ಕಿಟಕಿ ಮಾಡುವ ಸಾಮಾನ್ಯ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ಶೇ. 0.2ರ ಆಸುಪಾಸು. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಕೊಡಲಿಗೆ ಬೇಕಾದಷ್ಟು ಗಟ್ಟಿಯಾಗದು. ಹಳೆಯ ಲಾರಿ, ಜೀಪುಗಳ ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಶೇ. 0.5-0.6 ಇರುತ್ತದೆ. ಅದು ಹದ ಹಿಡಿಯುತ್ತದೆ. ಇಡೀ ಕೊಡಲಿಯನ್ನು ಪ್ಲೇಟಿನಿಂದಲೇ ಮಾಡಬೇಕೆಂದಿಲ್ಲ. ಮೈಗೆ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಇಟ್ಟು ಬೆಸೆದರೂ ಒಳ್ಳೆಯದೇ.

ಕೈಯಲ್ಲಿ ಹಿಡಿದು ನೋಡುವುದು

ಕೊಳ್ಳುವ ಮುಂಚೆ ಐದು ನಿಮಿಷ ಬಿಡುವು ಮಾಡಿಕೊಳ್ಳಿ.

1. ಕಾವು ತೂರಿಸುವ ತೂತಿನೊಳಗೆ ಒಂದು ನೇರ ಕೋಲು ಇಟ್ಟು ಕೆಳಗಿನಿಂದ ನೋಡಿ. ಬಾಯಿಯ ಗೆರೆ ಮತ್ತು ಕೋಲು ಒಂದೇ ಸಾಲಿನಲ್ಲಿ ಇರಬೇಕು. ತೂತು ಸೊಟ್ಟ ಇದ್ದರೆ ಏಟು ಯಾವತ್ತೂ ಓರೆಯಾಗಿಯೇ ಬೀಳುತ್ತದೆ.

2. ಕೊಡಲಿಯನ್ನು ದಾರದಲ್ಲಿ ತೂಗುಹಾಕಿ ಇನ್ನೊಂದು ಕಬ್ಬಿಣದಿಂದ ತಟ್ಟಿ. ಠಣ್ ಅಂತ ಸ್ವರ ನಿಲ್ಲಬೇಕು. ಒಡಕು ಮಡಕೆಯ ಹಾಗೆ ಸದ್ದು ಬಂದರೆ ಬೆಸುಗೆ ಕೂಡಿಲ್ಲ, ಅಥವಾ ಬಿರುಕು ಇದೆ.

3. ಬಾಯಿಯ ಮೇಲೆ ಅರ ಎಳೆದು ನೋಡಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಹದ ಹೆಚ್ಚಾಗಿದೆ, ಗಂಟು ಮರಕ್ಕೆ ಬಿದ್ದಾಗ ಚಕ್ಕೆ ಹಾರುತ್ತದೆ. ಮೊಳೆ ಉಜ್ಜಿದಷ್ಟು ಸುಲಭವಾಗಿ ಪುಡಿ ಬಂದರೆ ಹದವೇ ಇಲ್ಲ, ಬಾಯಿ ಮಡಚುತ್ತದೆ. ಅರ ಕಷ್ಟಪಟ್ಟು ಕಚ್ಚಬೇಕು. ಅದು ಸರಿಯಾದ ಹದ.

ಹದ ಕೊಡುವ ಕ್ರಮ ತಿಳಿದಿದ್ದರೆ ಕುಲುಮೆ ಮುಂದೆ ನಿಂತಾಗ ಮಾತಾಡಲು ಅನುಕೂಲ. ಕೆಂಪಗೆ ಕಾದ ಬಾಯಿಗೆ ಅಯಸ್ಕಾಂತ ಹಿಡಿಯದೇ ಇರುವಷ್ಟು ಬಿಸಿ ಬಂದಾಗ, ತುದಿಯ ಒಂದಿಂಚು ಮಾತ್ರ ಅದ್ದುತ್ತಾರೆ. ಆಗ ಅದು ಗಾಜಿನಂತೆ ಪೆಡಸು. ಆಮೇಲೆ ಬಾಯಿ ಉಜ್ಜಿ ಬೆಳ್ಳಗೆ ಮಾಡಿದರೆ, ಹಿಂಬದಿಯಲ್ಲಿ ಉಳಿದ ಕಾವು ಮೆಲ್ಲಗೆ ತುದಿಗೆ ಬರುತ್ತ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ನಂತರ ಕಂದು, ನಂತರ ನೇರಳೆ, ಕೊನೆಗೆ ನೀಲಿ. ಕೊಡಲಿಗೆ ಕಂದು ಕಳೆದು ನೇರಳೆ ಬರುವ ಹೊತ್ತಿಗೆ, ಅಂದರೆ ಸುಮಾರು 270-280 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪೂರ್ತಿ ತಣಿಸಬೇಕು. ಬಣ್ಣ ನೋಡಲು ನೆರಳು ಬೇಕು. ಅದಕ್ಕೇ ಕುಲುಮೆ ಒಳಗೆ ಯಾವಾಗಲೂ ಕತ್ತಲು.

ಕಾವಿಗೆ ಯಾವ ಮರ?

ಕಾವಿಗೆ ಬರೀ ಗಟ್ಟಿತನ ಸಾಲದು, ಏಟು ತಡೆದು ಬಾಗಿ ಮತ್ತೆ ನೇರ ಆಗುವ ಗುಣ ಬೇಕು. ತಡಸಲು ಮರಕ್ಕೆ ಈ ಗುಣ ಚೆನ್ನಾಗಿದೆ. ದಿಂಡಿಗವೂ ಹೆಸರಾದ ಮರ. ಸಾಗುವಾನಿ ನೋಡಲು ಚೆಂದ, ಏಟಿಗೆ ಆಗದು. ಸಿಲ್ವರ್ ಓಕ್ ಅಂತೂ ಬೇಡವೇ ಬೇಡ. ಸರ್ಕಾರಿ ಕಾಡಿನ ಮರಕ್ಕೆ ಕೈ ಹಾಕುವ ಅಗತ್ಯವಿಲ್ಲ. ನಿಮ್ಮದೇ ಜಾಗದಲ್ಲಿ ಗಾಳಿಗೆ ಮುರಿದ ಒಂದು ಗೆಲ್ಲಿನಲ್ಲಿ ನಾಲ್ಕು ಕಾವು ಆಗುತ್ತವೆ.

ಮರ ಯಾವುದೇ ಇರಲಿ, ಎಳೆ ನೇರ ಇರಬೇಕು. ಗರಗಸದಲ್ಲಿ ಕೊಯ್ದ ತುಂಡಿಗಿಂತ ಬೆಣೆ ಹಾಕಿ ಸೀಳಿದ ತುಂಡು ಮೇಲು. ಸೀಳು ಎಳೆಯ ಜೊತೆಗೇ ಹೋಗುತ್ತದೆ, ಗರಗಸ ಎಳೆಯನ್ನು ಅಡ್ಡ ಕಡಿಯುತ್ತದೆ. ಎಳೆ ಓರೆಯಾಗಿ ಹೊರಬಿದ್ದ ಜಾಗದಲ್ಲೇ ಕಾವು ಮುರಿಯುವುದು. ಗಂಟು ಇರಕೂಡದು.

ಸೀಳಿದ ತುಂಡಿನ ಎರಡೂ ತುದಿಗೆ ಮೇಣ ಅಥವಾ ಹಳೆಯ ಪೇಂಟು ಬಳಿದು ಒಲೆ ಮೇಲಿನ ಅಟ್ಟಕ್ಕೆ ಹಾಕಿ. ತುದಿ ಮುಚ್ಚದಿದ್ದರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಹೊಗೆಯಲ್ಲಿ ಒಂದು ವರ್ಷ ಇದ್ದರೆ ಪೂರ್ತಿ ಒಣಗಿರುತ್ತದೆ, ಕುಟ್ಟೆಯ ಕಾಟವೂ ಕಡಿಮೆ. ಪ್ರತಿ ವರ್ಷ ಎರಡು ತುಂಡು ಹಾಕುತ್ತ ಬಂದರೆ ಒಣಗಿದ ಕಾವಿಗೆ ಬರ ಇಲ್ಲ.

ನೀರಿನಲ್ಲಿ ನೆನೆಹಾಕಬೇಡಿ

"ಕಾವು ಅಲ್ಲಾಡ್ತದೆ, ರಾತ್ರಿ ನೀರಲ್ಲಿ ಹಾಕಿಡಿ" ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಬೆಳಿಗ್ಗೆ ಬಿಗಿ ಆಗಿರುವುದೂ ನಿಜ. ಆದರೆ ಒಳಗೆ ಏನಾಗುತ್ತದೆ ನೋಡಿ. ನೀರು ಕುಡಿದ ಮರ ಉಬ್ಬಲು ಹೋಗುತ್ತದೆ. ಸುತ್ತ ಕಬ್ಬಿಣ ಇರುವುದರಿಂದ ಉಬ್ಬಲು ಜಾಗ ಇಲ್ಲ. ಮರದ ಎಳೆಗಳೇ ಒಳಗೊಳಗೆ ಜಜ್ಜಿ ಹೋಗುತ್ತವೆ. ಮತ್ತೆ ಒಣಗಿದಾಗ ಮೊದಲಿಗಿಂತ ಸಣ್ಣ ಆಗುತ್ತದೆ. ಹೀಗೆ ನಾಲ್ಕು ಸಲ ನೆನೆಸಿದ ಕಾವು ಐದನೆಯ ಸಲ ಕೆಲಸದ ನಡುವೆಯೇ ಸಡಿಲ ಆಗುತ್ತದೆ.

ನಮ್ಮ ಹವೆಯೇ ಈ ಕೆಲಸವನ್ನು ವರ್ಷಕ್ಕೊಮ್ಮೆ ಮಾಡುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ಮೀರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಕಾವು ಫೆಬ್ರವರಿ-ಮಾರ್ಚಿನ ಒಣ ಹವೆಗೆ ಕುಗ್ಗುತ್ತದೆ. ಆದ್ದರಿಂದ ಹೊಸ ಕಾವು ಹಾಕುವುದಿದ್ದರೆ ಬೇಸಿಗೆಯಲ್ಲೇ ಹಾಕಿ.

ಹಾಕುವ ಕ್ರಮ ಎರಡು. ಒಂದು, ಪಿಕಾಸಿಯ ಹಾಗೆ ದುಂಡು ತೂತಿನ ಮೇಲಿನಿಂದ ಇಳಿಸುವುದು. ಕಾವಿನ ಮೇಲಿನ ತುದಿ ತೂತಿಗಿಂತ ದಪ್ಪ. ಬೀಸಿದಷ್ಟೂ ಕೊಡಲಿ ಆ ದಪ್ಪ ತುದಿಗೆ ಕಚ್ಚಿಕೊಳ್ಳುತ್ತದೆ, ಆ ತುದಿ ದಾಟಿ ಹಾರಿಹೋಗಲು ದಾರಿ ಇಲ್ಲ. ನಮ್ಮ ಹವೆಗೆ ಇದು ಒಳ್ಳೆಯದು. ಕುಲುಮೆಯಲ್ಲಿ ಮಾಡಿಸುವುದಾದರೆ ಇದನ್ನೇ ಕೇಳಿ.

ಇನ್ನೊಂದು, ಅಂಗಡಿ ಕೊಡಲಿಯ ಮೊಟ್ಟೆಯಾಕಾರದ ತೂತಿಗೆ ಕೆಳಗಿನಿಂದ ಕಾವು ಹೊಗಿಸಿ ಮೇಲೆ ಬೆಣೆ ಹೊಡೆಯುವುದು. ಇದರಲ್ಲಿ ತೂತಿನ ಆಳದ ಮೂರರಲ್ಲಿ ಎರಡು ಪಾಲು ಇಳಿಯುವಷ್ಟು ಸೀಳು ಕೊಯ್ಯಿರಿ. ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಿರಿ. ಕಾವು ತೂತಿನಿಂದ ಕಾಲು ಇಂಚು ಮೇಲೆ ಉಳಿಯಲಿ. ಬೆಣೆ ಬದಲು ಸಿಕ್ಕ ಸಿಕ್ಕ ಮೊಳೆ ಹೊಡೆದರೆ ಕಾವು ಸೀಳುತ್ತದೆ ಅಷ್ಟೆ.

ಕಾವಿಗೆ ವಾರ್ನಿಶ್ ಬೇಡ. ಕೈ ಜಾರುತ್ತದೆ, ಅಂಗೈಯಲ್ಲಿ ಬೊಕ್ಕೆ ಬರುತ್ತದೆ. ಅಂಗಡಿಯ ಕಾವಿಗೆ ವಾರ್ನಿಶ್ ಇದ್ದರೆ ಗಾಜಿನ ಚೂರಿನಲ್ಲಿ ಹೆರೆದು ಅಗಸೆ ಎಣ್ಣೆ ಸವರಿ. ಗೇರೆಣ್ಣೆ ಮರಕ್ಕೆ ಒಳ್ಳೆಯದಾದರೂ ಚರ್ಮ ಸುಡುತ್ತದೆ, ಹಿಡಿಯುವ ಜಾಗಕ್ಕೆ ಅದು ಬೇಡ.

ಮಸೆಯುವುದು

ಹತ್ತಿಂಚಿನ ಚಪ್ಪಟೆ ಅರ ಒಂದು, ಮಸೆಯುವ ಕಲ್ಲು ಒಂದು, ಇಷ್ಟು ಸಾಕು. ಕರೆಂಟಿನ ಸಾಣೆಗೆ ಒತ್ತಿ ಹಿಡಿದರೆ ಕ್ಷಣದಲ್ಲಿ ಬಾಯಿ ನೀಲಿ ತಿರುಗುತ್ತದೆ. ನೀಲಿ ಆದಲ್ಲಿ ಹದ ಇಳಿಯಿತು ಎಂದೇ ಅರ್ಥ. ಸಾಣೆಯೇ ಗತಿ ಎಂದಾದರೆ ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ.

ಬಾಯಿಯ ಎರಡೂ ಪಕ್ಕ ಸೇರಿ 30 ಡಿಗ್ರಿ ಇದ್ದರೆ ಒಣ ಕಟ್ಟಿಗೆಗೆ ಸರಿ. ಹಸಿ ಗೆಲ್ಲು ಕಡಿಯುವುದೇ ಹೆಚ್ಚಾದರೆ 25 ಇರಲಿ. ಅಳೆಯುವುದು ಹೇಗೆ ಅಂತೀರಾ? ಕಾಗದದ ಒಂದು ಮೂಲೆಯನ್ನು ಮೂರು ಸಮ ಪಾಲಾಗಿ ಮಡಚಿ. ಅದೇ 30 ಡಿಗ್ರಿ. ಆ ಅಳತೆಗೆ ರಟ್ಟಿನಲ್ಲಿ ಕಚ್ಚು ಕತ್ತರಿಸಿ ಬಾಯಿಗೆ ಇಟ್ಟು ನೋಡಿದರಾಯಿತು.

ಕೊಡಲಿಯನ್ನು ಗಟ್ಟಿಯಾಗಿ ಕಟ್ಟಿ, ಕೈಗವಸು ಹಾಕಿ, ಅರವನ್ನು ಮುಂದಕ್ಕೆ ಮಾತ್ರ ಒತ್ತಿ. ಹಿಂದಕ್ಕೆ ಎಳೆಯುವಾಗ ಎತ್ತಿ. ಒಂದು ಪಕ್ಕ ಉಜ್ಜಿದ ಮೇಲೆ ಇನ್ನೊಂದು ಪಕ್ಕದಲ್ಲಿ ಬೆರಳಿಗೆ ಸಣ್ಣ ದೊರಗು ಸಿಗಬೇಕು. ಸಿಕ್ಕಿದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ಒದ್ದೆ ಕಲ್ಲಿನಲ್ಲಿ ತಿಕ್ಕಿ ದೊರಗು ತೆಗೆಯಿರಿ. ಕೆಲಸ ಮುಗಿದಾಗಲೆಲ್ಲ ಎರಡು ನಿಮಿಷ ಕಲ್ಲು ಮುಟ್ಟಿಸಿದರೆ ಅರ ವರ್ಷಕ್ಕೆ ಒಂದೆರಡು ಸಲ ಸಾಕು.

ಮಳೆಗಾಲದ ಜೋಪಾನ

ಕೊಡಲಿಯನ್ನು ಮೈಲುತುತ್ತದ ಚೀಲದ ಹತ್ತಿರ ಇಡಬೇಡಿ. ಬೋರ್ಡೋ ಸಿಂಪಡಣೆ ಕಾಲದಲ್ಲಿ ಎಲ್ಲ ಸಾಮಾನೂ ಒಂದೇ ಮೂಲೆಗೆ ಬೀಳುತ್ತದೆ. ಮೈಲುತುತ್ತದ ನೀರು ತಾಗಿದ ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರದ ಚೀಲ, ದನದ ಗಂಜಲದ ನೆಲವೂ ಹಾಗೆಯೇ. ಅಡಿಕೆ ಚೊಗರು, ಹಸಿ ಮರದ ರಸ ಹತ್ತಿದರೆ ಕಬ್ಬಿಣ ಕಪ್ಪಾಗುತ್ತದೆ. ಸಂಜೆ ಒರೆಸಿ ತೆಳ್ಳಗೆ ಎಣ್ಣೆ ಸವರಿ ಗೋಡೆಗೆ ನೇತುಹಾಕಿ. ತೋಟಕ್ಕೆ ಒಯ್ಯುವಾಗ ಬಾಯಿಗೆ ಅಡಿಕೆ ಹಾಳೆಯ ತುಂಡು ಕಟ್ಟಿಕೊಳ್ಳಿ. ಮನೆಗೆ ಬಂದ ಮೇಲೆ ಬಿಚ್ಚಿಡಿ, ಹಾಳೆ ತೇವ ಹಿಡಿಯುತ್ತದೆ.

ಬೀಸುವ ಮೊದಲು

ಸಣ್ಣ ಕೊಡಲಿಯ ಕಾವು ಗಿಡ್ಡ. ಗುರಿ ತಪ್ಪಿದರೆ ಅದು ನೆಲಕ್ಕೆ ಹೋಗುವುದಿಲ್ಲ, ಮೊಣಕಾಲಿಗೆ ಬರುತ್ತದೆ. ಆದ್ದರಿಂದ ಕಟ್ಟಿಗೆಯನ್ನು ಕೊರಡಿನ ಮೇಲೆ ಇಟ್ಟೇ ಒಡೆಯಿರಿ. ಬೀಸುವ ಸಾಲಿನಲ್ಲಿ, ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು, ಮಕ್ಕಳಂತೂ ಖಂಡಿತ ಬೇಡ. ಪ್ರತಿ ಸಲ ಕೈಗೆತ್ತಿಕೊಂಡಾಗ ಕೊಡಲಿ ಅಲ್ಲಾಡಿಸಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಆ ದಿನ ಅದಕ್ಕೆ ಕೆಲಸ ಇಲ್ಲ. ಕೂಲಿಗೆ ಬಂದವರ ಕೈಗೆ ಕೊಡುವಾಗ ಈ ಪರೀಕ್ಷೆ ಮಾಡುವುದು ಕೊಡುವವರ ಹೊಣೆ.

ಇದಕ್ಕೆಲ್ಲ ಒಂದು ದಿನ ಗೊತ್ತು ಮಾಡಿಕೊಳ್ಳಬೇಕೆಂದರೆ ಆಯುಧಪೂಜೆಯ ಹಿಂದಿನ ವಾರ ಸರಿಯಾದ ಹೊತ್ತು. ಅಡಿಕೆ ಕೊಯ್ಲಿನ ಕಟ್ಟಿಗೆ ಕೆಲಸ ಶುರುವಾಗುವ ಮೊದಲೇ ಬರುತ್ತದೆ. ಹೇಗೂ ಕತ್ತಿ, ಕೊಡಲಿ, ಹಾರೆ ಎಲ್ಲ ತೊಳೆಯುತ್ತೇವೆ. ಕುಂಕುಮ ಇಡುವ ಮುಂಚೆ ಅಲ್ಲಾಡುವುದನ್ನು, ಮೊಂಡಾದದ್ದನ್ನು, ಬಿರುಕು ಬಿಟ್ಟದ್ದನ್ನು ಬೇರೆ ಬೇರೆ ಇಡಿ. ಮಸೆದರೆ ಸರಿ ಹೋಗುವುದು ಮನೆಯಲ್ಲೇ ಉಳಿಯಲಿ, ಉಳಿದದ್ದು ಕುಲುಮೆಗೆ ಹೋಗಲಿ. ಹೋಗುವಾಗ ಒಂದು ಚೀಲ ಕರಟದ ಇದ್ದಿಲು ಒಯ್ಯಿರಿ. ಇದ್ದಿಲು ಸಿಗದೆ, ಕೆಲಸ ಬಾರದೆ ಬಾಗಿಲು ಹಾಕಿದ ಕುಲುಮೆ ಮತ್ತೆ ತೆರೆಯುವುದಿಲ್ಲ. ಮೂರು ಹಳೆ ಕೊಡಲಿ ತಟ್ಟಿಸಿದ ಮಜೂರಿ ಒಂದು ಹೊಸದರ ಬೆಲೆ ಆದರೂ ಕೊಡಿ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಮೂರು ಕೊಡಲಿ ಮತ್ತೆ ಕೆಲಸಕ್ಕೆ ಬರುತ್ತವೆ, ಮುಂದಿನ ವರ್ಷ ತಟ್ಟಿಕೊಡಲು ಊರಲ್ಲಿ ಒಬ್ಬರು ಇರುತ್ತಾರೆ.