ಡಬಲ್ ಸ್ಟ್ಯಾಂಡಿನ ಗುಟ್ಟು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸಂದೇಶವಾಹಕರು ಓಡಿಸುತ್ತಿದ್ದ ಟ್ರಯಂಫ್ ಮಾಡೆಲ್ ಎಚ್ ಗಾಡಿಗೆ ಸ್ಟ್ಯಾಂಡ್ ಇದ್ದದ್ದು ಹಿಂಚಕ್ರದ ಬಳಿ. ಹೊರಡುವಾಗ ಅದನ್ನು ಮಡಚಿ ಮಡ್‌ಗಾರ್ಡಿಗೆ ಸಿಕ್ಕಿಸಬೇಕು. ನಿಲ್ಲಿಸುವಾಗ ಕೆಳಗಿಳಿಸಿ, ಸೊಂಟ ಬಗ್ಗಿಸಿ, ಗಾಡಿಯನ್ನು ತೋಳ್ಬಲದಿಂದ ಹಿಂದಕ್ಕೆಳೆದು ಅದರ ಮೇಲೆ ಕೂರಿಸಬೇಕು. ಎರಡನೆಯ ಮಹಾಯುದ್ಧದವರೆಗೂ ಇಂಗ್ಲೆಂಡಿನ ಬಹಳಷ್ಟು ಮೋಟಾರ್‌ಸೈಕಲ್‌ಗಳದ್ದು ಇದೇ ಪಾಡು.

ಆಮೇಲೆ ಹಿಂಚಕ್ರಕ್ಕೂ ಸ್ಪ್ರಿಂಗು ಬಂತು. ರಾಯಲ್ ಎನ್‌ಫೀಲ್ಡಿನ ಹೊಸ ಬುಲೆಟ್ 1949ರಲ್ಲಿ ಸ್ವಿಂಗ್ ಆರ್ಮ್ ಕಟ್ಟಿಕೊಂಡು ಮಾರುಕಟ್ಟೆಗೆ ಇಳಿಯಿತು. ಚಕ್ರವೇ ಮೇಲೆ ಕೆಳಗೆ ಆಡುತ್ತಿದ್ದರೆ ಸ್ಟ್ಯಾಂಡಿಗೆ ಗಟ್ಟಿ ನೆಲೆ ಸಿಗುವುದು ಫ್ರೇಮಿನ ನಡುವೆಯೇ. ಆ ಕಾಲದ ಗಾಡಿಗಳಲ್ಲಿ ಸ್ಟ್ಯಾಂಡ್ ಇಂಜಿನ್ನಿನ ಹಿಂದೆ, ಹೊಟ್ಟೆಯ ಅಡಿಗೆ ಬಂದು ಕೂತಿತು. ನಾವು ಡಬಲ್ ಸ್ಟ್ಯಾಂಡ್ ಅಥವಾ ಸೆಂಟರ್ ಸ್ಟ್ಯಾಂಡ್ ಎನ್ನುವುದು ಇದನ್ನೇ. ಅದರ ಎಡಗಾಲಿಗೆ ಪಾದ ಇಡಲು ಒಂದು ಕಬ್ಬಿಣದ ತುಂಡೂ ಸೇರಿತು. 1950ರ ದಶಕದ ಮಧ್ಯದಲ್ಲಿ ಬುಲೆಟ್ ಮದ್ರಾಸಿನಲ್ಲಿ ತಯಾರಾಗತೊಡಗಿ ನಮ್ಮ ಊರುಗಳಿಗೆಲ್ಲ ಬಂತು. ಆದರೆ ಆ ತುಂಡನ್ನು ಹೇಗೆ ಬಳಸಬೇಕೆಂಬ ತಿಳಿವಳಿಕೆ ಗಾಡಿಯ ಜೊತೆಗೇ ಎಲ್ಲರಿಗೂ ಬರಲಿಲ್ಲ. ಅದನ್ನು ಎಷ್ಟೋ ಸವಾರರೂ ಮೆಕ್ಯಾನಿಕ್ಕುಗಳೂ ತಾವಾಗಿಯೇ ಕಂಡುಕೊಳ್ಳಬೇಕಾಯಿತು. ಈ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲ, ಯಾರ ಹೆಸರೂ ಅಂಟಿಲ್ಲ.

ನನಗೆ ಅದು ಕಂಡದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಒಂದು ಗ್ಯಾರೇಜಿನಲ್ಲಿ. ಹವಾಯಿ ಚಪ್ಪಲಿ ಹಾಕಿಕೊಂಡ ಸಣಕಲು ಹುಡುಗ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಅದರ ಎಡಕ್ಕೆ ನಿಂತ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಕೆಳಗಿನ ಹಿಡಿಯಲ್ಲಿ. ಬಲಗಾಲಿನಿಂದ ಸ್ಟ್ಯಾಂಡನ್ನು ನೆಲಕ್ಕೆ ತಾಗಿಸಿ, ಗಾಡಿಯನ್ನು ಅತ್ತಿತ್ತ ತುಸು ಅಲ್ಲಾಡಿಸಿದ. ಟಕ್, ಟಕ್ ಎಂದು ಎರಡೂ ಕಾಲು ನೆಲ ಮುಟ್ಟಿದ ಸದ್ದು. ಆಮೇಲೆ ಮೆಟ್ಟಿಲು ಹತ್ತುವವನ ಹಾಗೆ ಮೈಭಾರವನ್ನೆಲ್ಲ ಬಲಪಾದಕ್ಕೆ ಬಿಟ್ಟು ನಿಂತುಬಿಟ್ಟ. ಬುಲೆಟ್ ಹಿಂದಕ್ಕೆ ಸರಿದು ತಾನಾಗಿ ಏರಿ ಕೂತಿತು. “ಕೈಯಲ್ಲಿ ಎತ್ಬೇಡಿ ಸಾರ್, ಕಾಲ್ಮೇಲೆ ನಿಂತ್ಕೊಳಿ, ಅಷ್ಟೇ” ಅಂದ.

ಆ ಮಾತಿನಲ್ಲಿ ಪೂರ್ತಿ ಭೌತಶಾಸ್ತ್ರವಿದೆ. ಈಗಿನ ಕ್ಲಾಸಿಕ್ 350ರ ತೂಕ 195 ಕೆ.ಜಿ.; ಲೆಕ್ಕಕ್ಕೆ 200 ಎನ್ನೋಣ. ಸ್ಟ್ಯಾಂಡಿನ ಮೇಲೆ ಅದು 3 ಸೆಂ.ಮೀ. ಏರಿತು ಎಂದಿಟ್ಟುಕೊಳ್ಳಿ. 60 ಕೆ.ಜಿ.ಯ ಮನುಷ್ಯ ಆ ತುಂಡಿನ ಮೇಲೆ ನಿಂತು 10 ಸೆಂ.ಮೀ. ಕೆಳಗಿಳಿದರೆ ಆಗುವ ಕೆಲಸವೂ ಅಷ್ಟೇ: 200ನ್ನು 3ರಿಂದ ಗುಣಿಸಿದರೂ 600, 60ನ್ನು 10ರಿಂದ ಗುಣಿಸಿದರೂ 600. ಮುಂಚಕ್ರ ನೆಲದ ಮೇಲೇ ಇರುವುದರಿಂದ ಇಡೀ ಗಾಡಿ ಅಷ್ಟು ಏರುವುದೂ ಇಲ್ಲ. ಬಲಗೈ ಹಿಂದಕ್ಕೂ ಮೇಲಕ್ಕೂ ದಾರಿ ತೋರಿಸಿದರೆ ಸಾಕು. ತೋಳು ಹೆಚ್ಚು ದುಡಿಯತೊಡಗಿತೆಂದರೆ ಪಾದದ ಮೇಲೆ ಮೈಭಾರ ಪೂರ್ತಿ ಬಿದ್ದಿಲ್ಲ ಎಂದೇ ಅರ್ಥ.

ಅಲ್ಲಾಡಿಸಿ ನೋಡುವ ಆ ಒಂದು ಕ್ಷಣವನ್ನು ಯಾರೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕಾಲು ನೆಲ ಮುಟ್ಟಿದ್ದಾಗ ತುಳಿದರೆ ಗಾಡಿ ಓರೆಯಾಗಿ ತಿರುಚಿಕೊಳ್ಳುತ್ತದೆ, ಬೀಳುವುದೂ ಉಂಟು. ಮುಂದಿನ ಬ್ರೇಕನ್ನು ಅರಿವಿಲ್ಲದೆ ಹಿಡಿದವರಿಗೆ ಗಾಡಿ ಹಿಂದೆ ಸರಿಯುವುದೇ ಇಲ್ಲ; ಅವರು ಸ್ಟ್ಯಾಂಡನ್ನು ಬೈಯುತ್ತಾರೆ.

ಬಿಎಂಡಬ್ಲ್ಯು ಕಂಪನಿ ತನ್ನ ಭಾರೀ ಕೆ 1200 ಎಲ್‌ಟಿ ಗಾಡಿಗೆ 2000ರ ದಶಕದ ಮಧ್ಯದಲ್ಲಿ ವಿದ್ಯುತ್ತಿನಿಂದ ಕೆಲಸ ಮಾಡುವ ಹೈಡ್ರಾಲಿಕ್ ಸೆಂಟರ್ ಸ್ಟ್ಯಾಂಡನ್ನೇ ಕೊಟ್ಟಿತು. ಗುಂಡಿ ಒತ್ತಿದರೆ ಆಯಿತು. ಮಂಡಿನೋವಿರುವ ನಮ್ಮ ಹಿರಿಯ ಸವಾರರಿಗೆ ಅದಕ್ಕಿಂತ ಅಗ್ಗದ ದಾರಿ ಇದೆ. ಎರಡು ಸೆಂ.ಮೀ. ದಪ್ಪದ ಮರದ ಹಲಗೆಯ ಮೇಲೆ ಹಿಂಚಕ್ರವನ್ನು ಹತ್ತಿಸಿ ಆಮೇಲೆ ಸ್ಟ್ಯಾಂಡ್ ಹಾಕಿ. ಏರಬೇಕಾದ ಎತ್ತರದಲ್ಲಿ ಅಷ್ಟು ಮೊದಲೇ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ಸ್ಟ್ಯಾಂಡಿನ ಬೋಲ್ಟಿಗೆ ಗ್ರೀಸ್ ಹಚ್ಚಿಸುವುದನ್ನೂ ಮರೆಯಬೇಡಿ.